ಯಮುನಕ್ಕನ ಎಂಜಿನ್ ಸೈಕಲ್

ಪಾಲಿಬೆಟ್ಟದ ಸುತ್ತಿನ ಕಾಫಿ ಎಸ್ಟೇಟುಗಳ ಕೂಲಿಕಾರರ ಲೈನುಮನೆಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಯಮುನಕ್ಕ ತಡವಾಗಿ ತಲುಪಿದ್ದು ಎರಡೇ ಸಲ. ಎರಡೂ ಆಕೆ ಸೈಕಲ್ ಕೊಳ್ಳುವ ಮೊದಲು.

೧೯೫೮ರಲ್ಲಿ, ಸೈನ್ಯದಿಂದ ನಿವೃತ್ತನಾಗಿ ಬಂದ ಅಣ್ಣ ದೇರಪ್ಪ ಆ ಸೈಕಲಿನ ಹಿಂಚಕ್ರಕ್ಕೆ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿಕೊಟ್ಟ. ಏರಿನಲ್ಲಿ ಇಳಿದು ತಳ್ಳುವುದು ತಪ್ಪಿತು. ಅದಕ್ಕೆ ಲೈಸೆನ್ಸು ಬೇಕೆಂದು ಇಬ್ಬರಿಗೂ ತೋಚಲಿಲ್ಲ. ರಾಜರ ಕಾಲದಿಂದ ಬಂದ ಜಮ್ಮಾ ಭೂಮಿಯ ಮನೆತನ; ಅಂಥವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ. ಗೋಡೆಯ ಮೇಲಿನ ಕೋವಿಗೇ ಯಾರೂ ಲೈಸೆನ್ಸು ಕೇಳಿರಲಿಲ್ಲ.

ಕೇಳಿದವನು ಮೈಸೂರು ಸೀಮೆಯಿಂದ ವರ್ಗವಾಗಿ ಬಂದ ದಫೇದಾರ ಸಿದ್ದರಾಜು. ತಿತಿಮತಿ ಕಡೆಯ ಲೈನಿನಲ್ಲಿ ಲಿಂಗಮ್ಮನಿಗೆ ಹೆರಿಗೆ ನೋವು ಬಂದಿದೆಯೆಂದು ಬೆಳಿಗ್ಗೆ ಹೊರಟಿದ್ದ ಯಮುನಕ್ಕನನ್ನು ಠಾಣೆಯ ಮುಂದೆ ತಡೆದ.

"ಕೋವಿಗೇ ಲೈಸೆನ್ಸ್ ಬೇಡ ನಮಗೆ. ಸೈಕಲಿಗೆ ಯಾಕೆ?"

"ಕೋವಿ ರಸ್ತೇಲಿ ಓಡಲ್ಲ ಕಣಮ್ಮ. ಎಂಜಿನ್ ಇದ್ರೆ ಅದು ಮೋಟಾರು. ನಂಬರಿಲ್ಲ, ಲೈಸೆನ್ಸಿಲ್ಲ. ಗಾಡಿ ಇಲ್ಲೇ ಬಿಡಿ. ಹನ್ನೊಂದಕ್ಕೆ ಬಸ್ಸೈತೆ."

"ಮಗು ಬಸ್ಸಿನ ಟೈಮ್ ಕೇಳಿಕೊಂಡು ಹುಟ್ಟುದಿಲ್ಲೆ."

ಅವಳು ಬೇಡಿಕೊಳ್ಳಲಿಲ್ಲ. ಸೀಟಿನ ಕೆಳಗಿನ ಚೀಲದಿಂದ ಸ್ಪ್ಯಾನರ್ ತೆಗೆದು, ಎಂಜಿನ್ ಬಿಚ್ಚಿ, ಒಳಗೆ ಹೊತ್ತೊಯ್ದು ಅವನ ಮೇಜಿನ ಮೇಲಿಟ್ಟಳು.

"ದಫೇದಾರ್ರೇ, ಹೊರಗೆ ನಿಂತದ್ದು ಈಗ ಏನು?"

ಅವನು ಬಾಗಿಲಿನಿಂದ ನೋಡಿದ. "ಸೈಕಲ್ಲು."

"ಪಂಚಾಯ್ತಿ ತೆರಿಗೆ ಬಿಲ್ಲೆ ಉಂಟು, ಬೆಲ್ ಉಂಟು, ದೀಪ ಉಂಟು. ದಾರಿ ಬಿಡಿ."

"ಟೇಬಲ್ ಮೇಲೆ ಎಣ್ಣೆ ಸೋರ್ತಾ ಐತಲ್ಲಮ್ಮ!"

"ಒರೆಸಿಡಿ. ಮತ್ತೆ ಬಂದು ತಕ್ಕೊಂಡು ಹೋಗ್ತೇನೆ."

ನಾಲ್ಕು ಮೈಲಿ ತುಳಿದಳು, ಏರಿನಲ್ಲಿ ತಳ್ಳಿದಳು. ಅವಳು ಕೈ ತೊಳೆದು ಒಳಗೆ ಹೋದ ಅರ್ಧ ಗಂಟೆಗೆ ಲಿಂಗಮ್ಮನಿಗೆ ಹೆಣ್ಣು ಮಗು ಹುಟ್ಟಿತು.

ಲೈಸೆನ್ಸಿಲ್ಲದೆ ಓಡಿಸಿದ ತಪ್ಪು ಯಮುನಕ್ಕನದೇ ಎಂದು ಇಲ್ಲಿ ಬರೆಯಬೇಕು. ಅವಳೂ ಅದನ್ನು ಒಪ್ಪಿಕೊಂಡು, ದಂಡ ಕಟ್ಟಿ ಎಂಜಿನ್ ಬಿಡಿಸಿಕೊಂಡಳು. ಎಸ್ಟೇಟ್ ದೊರೆಯ ಚೀಟಿ ತಂದರೆ ಎಲ್ಲ ಸುಲಭವಾಗುತ್ತದೆ ಎಂದವರಿಗೆ ಬೆನ್ನು ತಿರುಗಿಸಿದಳು. ಎರಡು ತಿಂಗಳು ಎಂಜಿನ್ ಇಲ್ಲದೆ ತುಳಿಯುತ್ತಲೇ ನಿಯಮಗಳನ್ನು ಓದಿದಳು. ಆಮೇಲೆ ಮಡಿಕೇರಿಗೆ ಹೋಗಿ, ಸಾಲಿನಲ್ಲಿದ್ದ ಗಂಡಸರು ನಗುತ್ತಿದ್ದಂತೆ, ಲೈಸೆನ್ಸ್ ಪರೀಕ್ಷೆಯಲ್ಲಿ ಮೊದಲ ಸಲವೇ ತೇರ್ಗಡೆಯಾದಳು. ನಗುತ್ತಿದ್ದವರಲ್ಲಿ ಇಬ್ಬರು ನಪಾಸಾದರು. ಆ ಎರಡು ತಿಂಗಳಲ್ಲೂ ಒಂದು ಹೆರಿಗೆಗೂ ತಡವಾಗಲಿಲ್ಲ.

ಎಂಜಿನ್ ಮತ್ತೆ ಕೂರಿಸಿ ನಂಬರು ಬರೆಸಿದ ದಿನ ಠಾಣೆಯ ಮುಂದೆ ತಾನಾಗಿಯೇ ಗಾಡಿ ನಿಲ್ಲಿಸಿದಳು. ಸಿದ್ದರಾಜು ನಂಬರು ನೋಡಿ, ಹೋಗಿ ಎಂಬಂತೆ ಕೈ ಆಡಿಸಿದ.

"ಲೈಸೆನ್ಸ್ ಕೇಳಿ," ಎಂದಳು.

ಅವನು ಟೋಪಿ ಸರಿಮಾಡಿಕೊಂಡು ಕೇಳಿದ. ಅವಳು ತೋರಿಸಿದಳು.