ಚಂದ್ರಿಯ ಕೆಚ್ಚಲು, ನನ್ನ ಕೈ

ಲೋಟದಷ್ಟು ಹಾಲು ಕರೆದಿದ್ದಕ್ಕೆ ಯಾರಾದರೂ ತಪ್ಪಿತಸ್ಥರಾದದ್ದುಂಟೇ? ನಾನು ಆಗಿದ್ದೇನೆ. ಕಳ್ಳತನವೇನೂ ಮಾಡಿಲ್ಲ, ಕರೆದದ್ದನ್ನು ಕುಡಿಯಲೂ ಇಲ್ಲ. ಮೋರಿಗೆ ಚೆಲ್ಲಿದೆ.

ಮಹಾದೇವಿ ನಮಗೆ ಹಾಲು ಕೊಡುವವಳು. ಯಾದಗಿರಿ ಕಡೆಯವಳು. ಗಂಡ ಪುಣೆಯಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಸೆಂಟ್ರಿಂಗ್ ಮಾಡುತ್ತಾನೆ. ಇವಳು ಕಾತ್ರಜದ ಗುಡ್ಡದ ಬುಡದಲ್ಲಿ ತಗಡಿನ ಕೊಟ್ಟಿಗೆ ಹಾಕಿಕೊಂಡು ಎರಡು ಆಕಳು ಸಾಕಿದ್ದಾಳೆ. ಧನಕವಡಿಯ ನಮ್ಮ ಮನೆಯಿಂದ ನಡೆದೇ ಹೋಗುತ್ತೇನೆ. (ಪ್ಯಾಕೆಟ್ ಹಾಲು ಬಾಗಿಲಿಗೇ ಬರುತ್ತದಲ್ಲ ಎಂದು ನನ್ನ ಗಂಡ ವರ್ಷಗಳಿಂದ ಹೇಳುತ್ತಿದ್ದಾರೆ. ಪ್ಯಾಕೆಟ್ಟಿನ ಜೊತೆ ಕನ್ನಡ ಮಾತಾಡಲಾಗುತ್ತದೆಯೇ?)

ಅವಳ ದೊಡ್ಡ ಆಕಳು ಚಂದ್ರಿ ಗಬ್ಬವಾಗಿತ್ತು. ಕರು ಹಾಕಲು ಎರಡು ತಿಂಗಳಿದೆ ಎನ್ನುವಾಗ ಮಹಾದೇವಿ ಹಾಲು ಬತ್ತಿಸಲು, ಅಂದರೆ ಕರೆಯುವುದನ್ನು ನಿಲ್ಲಿಸಿ ಕೆಚ್ಚಲಿಗೆ ಬಿಡುವು ಕೊಡಲು, ನಿಂತಳು. ಡಾಕ್ಟರು ಬಂದರು. ಕೊನೆಯ ಸಲ ಪೂರ್ತಿ ಹಾಲು ಕರೆಸಿ, ಮೊಲೆಗಳ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಂದೊಂದರೊಳಗೂ ಒಂದೊಂದು ಟ್ಯೂಬ್ ಔಷಧಿ ಏರಿಸಿದರು. ಹೊರಡುವಾಗ ಮರಾಠಿಯಲ್ಲಿ ಒಂದೇ ಮಾತು: "ಆತಾ ಕಾಸೇಲಾ ಹಾತ್ ಲಾವಾಯ್ಚಾ ನಾಹೀ." ಇನ್ನು ಕೆಚ್ಚಲಿಗೆ ಕೈ ಹಚ್ಚುವಂತಿಲ್ಲ. ನಾನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ.

ಯಾಕಿಷ್ಟು ಕಟ್ಟುನಿಟ್ಟು? ಚಂದ್ರಿಗೆ ಹಾಲು ಬರುತ್ತಿದ್ದದ್ದೇ ಮೂರು ಮೊಲೆಯಲ್ಲಿ. ನಾಲ್ಕನೆಯದು ಹೋದ ಸಲ ಕರು ಹಾಕಿದಾಗ ಕೆಚ್ಚಲು ಬಾವು ಬಂದು ಕೆಟ್ಟುಹೋಗಿತ್ತು. ಇನ್ನೊಂದು ಕೆಟ್ಟರೆ ಆಕಳನ್ನು ಮಾರದೆ ಬೇರೆ ದಾರಿಯಿಲ್ಲ. ಮಹಾದೇವಿ ಈ ಮಾತನ್ನು ಚಂದ್ರಿಯ ಎದುರು ಆಡುವುದಿಲ್ಲ, ಹೊರಗೆ ಬಂದು ಹೇಳುತ್ತಾಳೆ.

ಮೂರನೆಯ ದಿನ ದೌಂಡಿನಲ್ಲಿರುವ ಅವಳ ತಂಗಿಗೆ ಮೈ ಸರಿಯಿಲ್ಲ ಎಂದು ಫೋನ್ ಬಂತು. ಹೋಗಲೇಬೇಕು. ಬೆಳಿಗ್ಗೆ, ಸಂಜೆ ಇನ್ನೊಂದು ಆಕಳ ಹಾಲು ಕರೆಯಲು ಅವಳ ಗಂಡ ಇದ್ದಾನೆ. ಮಧ್ಯಾಹ್ನದ ಮೇವು ನೀರಿಗೆ ಯಾರು? ನಾನಿದ್ದೇನಲ್ಲ! ಸಣ್ಣವಳಿದ್ದಾಗ ನಮ್ಮ ಮನೆಯಲ್ಲೂ ಆಕಳಿತ್ತು ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುವವಳು ನಾನೇ ತಾನೆ? ಮಹಾದೇವಿ ಕೀಲಿ ಕೊಟ್ಟು ರೈಲು ಹತ್ತಿದಳು.

ಹೋಗಿ ನೋಡುತ್ತೇನೆ, ಚಂದ್ರಿಯ ಕೆಚ್ಚಲು ಬಿಗಿದುಕೊಂಡಿದೆ. ಕಾಲು ಬದಲಿಸುತ್ತಾ ನಿಂತಿದೆ. ಡಾಕ್ಟರ ಮಾತು ನೆನಪಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಗಂಡಸು ಡಾಕ್ಟರಿಗೆ ಹಾಲು ಕಟ್ಟಿ ಎದೆ ಬಿಗಿಯುವ ನೋವು ಏನು ಗೊತ್ತು ಎನ್ನಿಸಿತು. ಕುಕ್ಕರಗಾಲಲ್ಲಿ ಕೂತೆ. ಮೂರೂ ಮೊಲೆಗಳಿಂದ ಸ್ವಲ್ಪ ಸ್ವಲ್ಪ ಕರೆದು ಬಿಗಿ ಇಳಿಸಿದೆ. ಔಷಧಿ ಬೆರೆತ ಹಾಲು, ಚೆಲ್ಲಿಬಿಟ್ಟೆ. ಚಂದ್ರಿ ಮೆಲುಕು ಹಾಕತೊಡಗಿತು. ಆ ದಿನ ಮನೆಗೆ ಬಂದು ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.

ಮರುದಿನ ಸಂಜೆ ಮಹಾದೇವಿ ಬಂದಾಗ ಹೆಮ್ಮೆಯಿಂದ ನಾನೇ ಬಾಯಿಬಿಟ್ಟೆ. ಅವಳು ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಎಷ್ಟ ಮೊಲಿ ಕರದ್ರಿ ಅಕ್ಕಾರ?"

"ಮೂರೂ."

"ಕೈ ತೊಳಕೊಂಡಿದ್ರ್ಯಾ?"

ಮೇವು ಹಾಕಿದ ಕೈಯಲ್ಲೇ ಕರೆಯಲು ಕೂತಿದ್ದೆ. ಅವಳು ಕೂಗಾಡಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ, ಅವರು ಬರುವ ತನಕ ಚಂದ್ರಿಯ ಬೆನ್ನು ಸವರುತ್ತಾ ನಿಧಾನವಾಗಿ ಹೇಳಿದಳು. "ಕರಿಯೋದು ಬಿಟ್ಟ ಮ್ಯಾಲ ಮೊಲಿ ತುದಿಗೆ ಬಿರಡಿ ಹಾಕಿದಂಗ ಆಗ್ತದ್ರಿ. ರೋಗ ಒಳಗ ಹೋಗಂಗಿಲ್ಲ. ನೀವು ಅದನ್ನ ತಗದ್ರಿ, ಔಷಧನೂ ಹೊರಗ ಬಂತು. ಬಿಗಿದ್ರ ಬಿಗೀಲಿ ಬಿಡ್ರಿ. ಬಿಗಿ ಆದ್ರನ ಅದರ ಮೈಗೆ ತಿಳೀತದ, ಇನ್ನ ಹಾಲು ಬ್ಯಾಡ ಅಂತ. ನಾಕು ದಿನಕ್ಕ ತಾನ ಇಳೀತದ."

ಡಾಕ್ಟರು ಮತ್ತೆ ಟ್ಯೂಬ್ ಏರಿಸಿದರು. ನನ್ನನ್ನು ಒಮ್ಮೆ ನೋಡಿದರು, ಅಷ್ಟೇ. ಅದಾದ ಮೇಲೆ ಎರಡು ತಿಂಗಳು ನಾನು ವಾರಕ್ಕೆ ಮೂರು ಸಲ ಹೋಗಿ ಚಂದ್ರಿಯ ಕೆಳಗೆ ಒಣ ಹೊಟ್ಟು ಹರಡಿದೆ, ಸಗಣಿ ಬಾಚಿದೆ. ಹಸಿ ನೆಲದಲ್ಲಿ ಮಲಗಿದರೆ ಕೆಚ್ಚಲಿಗೆ ಕೇಡು ಎಂದು ಆಗ ಕಲಿತೆ. (ಸೊಂಟ ಹಿಡಿದುಕೊಂಡಿತು. ಹಿಡಿದುಕೊಳ್ಳಲಿ.)

ಸಗಣಿ ಬಾಚುವಾಗ ಯೋಚನೆಗಳು ಚೆನ್ನಾಗಿ ಬರುತ್ತವೆ. ನಮ್ಮ ಮೇಲಿನ ಮನೆಯ ಮೈಸೂರಿನ ಹುಡುಗಿ ಮೆಟರ್ನಿಟಿ ಲೀವ್‌ನಲ್ಲಿದ್ದಾಳೆ. "ಜಸ್ಟ್ ಒಂದೇ ಒಂದು ಕಾಲ್ ಅಂತಾರೆ ಆಂಟಿ, ಅರ್ಧ ದಿನ ಹೋಗುತ್ತೆ" ಎನ್ನುತ್ತಾಳೆ. ಅಯ್ಯೋ, ಎಂಥ ಜನ ಎಂದು ನಾನೇ ಅವಳ ಮ್ಯಾನೇಜರನ್ನು ಬೈದಿದ್ದೆ. ಆದರೆ ಅವಳ ಮಗು ಮಲಗಿದ್ದಾಗ "ಎದ್ದಿದೆಯೇನೋ" ಎಂದು ಬಾಗಿಲು ತಟ್ಟಿ, ಎಬ್ಬಿಸಿ ಬಂದವಳು ಯಾರು? ರಜೆ, ನಿದ್ದೆ, ಬಾಣಂತನ, ಯಾವುದನ್ನೂ ಅದರ ಪಾಡಿಗೆ ಬಿಡಲು ನಮಗೆ ಬರುವುದಿಲ್ಲ. ಪ್ರೀತಿ ಇದ್ದಲ್ಲಂತೂ ಇನ್ನೂ ಬರುವುದಿಲ್ಲ.

ಕಳೆದ ವಾರ ಚಂದ್ರಿ ಹೆಣ್ಣುಗರು ಹಾಕಿತು. ಸುದ್ದಿ ಕೇಳಿ ಓಡಿದೆ. ಮಹಾದೇವಿ ಪ್ರತಿ ಮೊಲೆಯ ಮೊದಲ ಹಾಲನ್ನು ಒಂದು ಕಪ್ಪು ತಟ್ಟೆಗೆ ಹಿಂಡಿದಳು. ಕೆಚ್ಚಲು ಬಾವಿದ್ದರೆ ಹಾಲಿನಲ್ಲಿ ಬರುವ ಹೆಪ್ಪಿನ ಚೂರು ಕರಿಯ ಮೇಲೆ ಎದ್ದು ಕಾಣುತ್ತದೆ. ಮೊದಲನೆಯದು, ಗಟ್ಟಿ ಹಳದಿ ಗಿಣ್ಣದ ಹಾಲು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ನಾಲ್ಕಾರು ಬಿಳಿ ಚೂರು.

ಬೇಗ ಗೊತ್ತಾದದ್ದರಿಂದ ಮದ್ದು ಹಿಡಿಯಿತು. ನಿನ್ನೆ ತಟ್ಟೆಯಲ್ಲಿ ಚೂರಿರಲಿಲ್ಲ. ಚಂದ್ರಿ ಎಲ್ಲಿಗೂ ಹೋಗುವುದಿಲ್ಲ. ಆ ಬಾವು ನನ್ನಿಂದಲೇ ಆದದ್ದೇ ಎಂದು ಡಾಕ್ಟರನ್ನು ಕೇಳಿಯೇಬಿಟ್ಟೆ. ಹೌದು ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ ಎಂದರು. ಹೌದು ಅಂದಿದ್ದರೇ ಸಮಾಧಾನವಾಗುತ್ತಿತ್ತೇನೋ.

ಮಹಾದೇವಿ ಈಗ ಎರಡನೆಯ ಆಕಳ ಹಾಲು ಬತ್ತಿಸುತ್ತಿದ್ದಾಳೆ. ನಾಳೆ ಮತ್ತೆ ದೌಂಡಿಗೆ ಹೋಗಬೇಕು. ಇಂದು ಬೆಳಿಗ್ಗೆ ಕೊಟ್ಟಿಗೆಯ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬಿಡುವ ಮುಂಚೆ ಒಂದು ಕ್ಷಣ ಹಿಡಿದುಕೊಂಡೇ ಕೇಳಿದಳು: "ಕೈ ಸುಮ್ಮನ ಇರ್ತಾವಲ್ರಿ ಅಕ್ಕಾರ?"

ಹೂಂ ಅಂದಿದ್ದೇನೆ. ನಿಮ್ಮವು ಇರುತ್ತವೆಯೇ?