ಒಂಬತ್ತನೆಯ ಪ್ರಶ್ನೆಗೆ ಬೀಳದ ಹೂವು

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯನ್ನು ಮೂವತ್ತೆರಡನೇ ವಯಸ್ಸಿಗೆ ಪಾಸು ಮಾಡಿದವನು ನಾನು, ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ದೇವರು ಹೂ ಬೀಳಿಸಿ ಉತ್ತರ ಕೊಡುತ್ತಾನೆ ಎಂದರೆ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ, ಪೂರ್ತಿ ನಂಬುವುದಕ್ಕೂ ಧೈರ್ಯವಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಬೈ ಹತ್ತಿರದ ಕಲ್ಯಾಣದ ಒಂದು ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಟಿಟ್ವಾಳಾದಾಚೆಯ ಒಂದು ಆದಿವಾಸಿ ಪಾಡಾದಲ್ಲಿ, ಅಂದರೆ ಹಾಡಿಯಲ್ಲಿ, ಸಂಸ್ಥೆಯವರು ಎರಡು ವರ್ಷ ಕೈ ತೊಳೆಯುವುದನ್ನು ಕಲಿಸಿದ್ದರು. ಅದರಿಂದ ಏನಾದರೂ ಉಪಯೋಗವಾಯಿತೇ ಎಂದು ಮನೆಮನೆಗೆ ಹೋಗಿ ಕೇಳಬೇಕಿತ್ತು.

"ಸುಮ್ಮನೆ ಹೋಗಿ ಕೇಳ್ಬೇಡಿ ಮಾರಾಯ್ರೆ. ಪ್ರಶ್ನೆಗಳನ್ನು ಮೊದ್ಲು ಅವರಿಗೆ ತೋರ್ಸಿ. ಅವರು ಬೇಡ ಅಂದದ್ದು ಬೇಡ" ಎಂದು ಸಂಸ್ಥೆಯ ನಮ್ಮ ಉಡುಪಿಯ ಮೇಡಂ ಹೇಳಿದ್ದರು. ಒಪ್ಪಿಗೆ ತಂದರೆ ಮಾತ್ರ ನನ್ನ ನೌಕರಿ ಕಾಯಂ.

ಪಾಡಾದ ಹಿರಿಯರು ಜಾನೀಬಾಯಿ. ಪ್ರಶ್ನೆಗಳನ್ನು ವಾಘೋಬಾನಿಗೂ, ಅಂದರೆ ಅವರ ಹುಲಿದೇವರಿಗೂ, ಕೇಳಿಸಬೇಕೆಂದರು. ಮರದ ಕೆಳಗಿನ ಕಲ್ಲಿಗೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಓದಬೇಕು. ಹೂ ಬಿದ್ದರೆ ಕೇಳಬಹುದು. ನಡು ಮಧ್ಯಾಹ್ನ, ಗಾಳಿಯ ಸುಳಿವಿಲ್ಲ. ಎಂಟು ಪ್ರಶ್ನೆಗೆ ಎಂಟು ಹೂ ಬಿದ್ದವು. ಒದ್ದೆ ಆರಿದರೆ ಹೂ ಬೀಳಲೇಬೇಕಲ್ಲ ಎಂದುಕೊಂಡೆ.

ಒಂಬತ್ತನೆಯದು, ಊಟಕ್ಕೆ ಮೊದಲು ತಪ್ಪದೆ ಕೈ ತೊಳೆಯುತ್ತೀರಾ ಎಂಬುದು. ಅದನ್ನು ಬಿಟ್ಟರೆ ನಾನು ಬಂದದ್ದೇ ವ್ಯರ್ಥ. ಹೂ ಕದಲಲಿಲ್ಲ.

ಜಾನೀಬಾಯಿ ಮರಾಠಿಯಲ್ಲಿ ಅಂದದ್ದನ್ನು ನನ್ನ ವಿಜಯಪುರದ ಮಾತಿನಲ್ಲೇ ಬರೆಯುತ್ತೇನೆ.

"ನೀ ತೊಳಕೋತಿಯೇನಪಾ? ಮೊದಲ ಅದನ್ನ ಹೇಳು."

"ದಿನಾ ತೊಳಕೋತೀನ್ರಿ, ಆಯಿ."

ಹೂ ಹಾಗೇ ಇತ್ತು.

"ಒಮ್ಮೊಮ್ಮೆ ಮರೀತೀನ್ರಿ."

ಆಗಲೂ ಹಾಗೇ ಇತ್ತು.

"ಅಂವಗೇನ ಅವಸರಿಲ್ಲ" ಎಂದು ಜಾನೀಬಾಯಿ ಕಾಲು ಚಾಚಿ ಕುಳಿತರು. ಸುತ್ತ ಹೆಂಗಸರೆಲ್ಲ ಸೇರಿದ್ದರು. ನನ್ನ ನೌಕರಿ ಆ ಕಲ್ಲಿಗೆ ಅಂಟಿಕೊಂಡಿತ್ತು.

"ಇವತ್ತ ಮುಂಜಾನೆ ಸ್ಟೇಷನ್‌ದಾಗ ಕೈ ತೊಳೀದ ಹಂಗ ವಡಾಪಾವ್ ತಿಂದೇನ್ರಿ. ಕೈ ಪ್ಯಾಂಟಿಗೆ ಒರಸಿದೆ."

ಮಾತು ಮುಗಿಯುವಷ್ಟರಲ್ಲಿ ಹೂ ಬಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

"ಇನ್ನ ಕೇಳು. ಆದ್ರ ಮನಿಮನಿಗೂ ಮೊದಲ ನಿಂದು ಹೇಳಿ ಕೇಳು" ಎಂದರು ಜಾನೀಬಾಯಿ.

ಹಾಗೆಯೇ ಪ್ರತಿ ಮನೆಯಲ್ಲೂ ವಡಾಪಾವ್ ಕಥೆ ಹೇಳಿದೆ. ಜನ ನಕ್ಕು, ಆಮೇಲೆ ತಮ್ಮ ನಿಜ ಹೇಳಿದರು. ನೌಕರಿ ಕಾಯಂ ಆಯಿತು.

ಪ್ಯಾಂಟಿನ ಚಟ್ನಿ ಕಲೆ ಜಾನೀಬಾಯಿಗೆ ಕಂಡಿರಬಹುದು, ಅದನ್ನು ಒಪ್ಪುತ್ತೇನೆ. ಹೂವಿಗೆ ಹೇಗೆ ಕಂಡಿತು? ಇಂದಿಗೂ ತಿಳಿದಿಲ್ಲ. ನಿಮಗೂ ಇಂಥದ್ದು ಆಗಿದ್ದರೆ ದಯವಿಟ್ಟು ಬರೆಯಿರಿ. ಕೈ ತೊಳೆದುಕೊಂಡೇ ಓದುತ್ತೇನೆ.