ಹವಾಲ್ದಾರ್ ಈರಣ್ಣನವರ ಎರಡು ಡಬ್ಬಿ

ಹವಾಲ್ದಾರ್ ಈರಣ್ಣನವರ ಕಣ್ಣು ಮಂಜಾಗಿತ್ತು, ಅದಕ್ಕೇ ಆ ವರ್ಷ ನಮ್ಮ ಕಾಲೇಜಿನ ರೈಫಲ್‌ಗಳು ಗುರಿ ತಪ್ಪಿದವು. ಚಿತ್ರದುರ್ಗದಲ್ಲಿ ನಮ್ಮ ಜೊತೆ ಎನ್.ಸಿ.ಸಿ.ಯಲ್ಲಿದ್ದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಹತ್ತು ಜನ ಹೇಳಿದ ಮಾತ್ರಕ್ಕೆ ಹತ್ತು ಸಾಕ್ಷಿ ಆಗುತ್ತದೆಯೇ? ಒಬ್ಬ ಹೇಳಿದ್ದನ್ನು ಒಂಬತ್ತು ಜನ ಕೇಳಿಸಿಕೊಂಡಿರಬಹುದು. ಆ ಹತ್ತು ಜನರಲ್ಲಿ ಕಣ್ಣಿನ ಡಾಕ್ಟರಂತೂ ಒಬ್ಬರೂ ಇಲ್ಲ.

ಹೋದ ವಾರ ಬಡಗಿಯೊಬ್ಬ ನನ್ನ ಹೊಸ ಮೇಜಿಗೆ ಅಗಸೆ ಎಣ್ಣೆ ಉಜ್ಜುತ್ತಿದ್ದ. ಕೋಟು ಹಾಕಿ ಇನ್ನೂ ವರ್ಷ ತುಂಬದ ವಕೀಲನಿಗೆ ಮೇಜಿನ ಹೊಳಪಾದರೂ ಇರಲಿ ಎಂದು ನಾನೇ ಹೇಳಿ ಮಾಡಿಸಿದ್ದು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕಕ್ಷಿದಾರರು ಎದುರಿಗೆ ಕೂತಿದ್ದರೂ ನಾನು ಅಲ್ಲಿರಲಿಲ್ಲ. ಆರು ವರ್ಷ ಹಿಂದಿನ ಆಯುಧ ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

ಅಲ್ಲಿ ಇದ್ದದ್ದು ಬ್ರಿಟಿಷರ ಕಾಲದ ತ್ರೀ ನಾಟ್ ತ್ರೀ ರೈಫಲ್‌ಗಳು. ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಿಂದ ಎಳೆದು ನೂಕಬೇಕು. ನಮ್ಮ ಅಪ್ಪಂದಿರಿಗಿಂತ ವಯಸ್ಸಾದವು, ಬೆನ್ನಿಗೆ ಗುದ್ದುವುದು ಬಿಟ್ಟು ಭುಜಕ್ಕೆ ಗುದ್ದುತ್ತಿದ್ದವು, ಅಷ್ಟೇ ವ್ಯತ್ಯಾಸ. ಅವುಗಳ ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದವರು ಈರಣ್ಣ. ಹಿರಿಯೂರು ಸೀಮೆಯ ಯಲ್ಲದಕೆರೆಯವರು, ಕುರಿ ಸಾಕುವ ಮನೆತನ. ಸೈನ್ಯದಿಂದ ನಿವೃತ್ತರಾಗಿ ಬಂದು ನಮ್ಮ ರೈಫಲ್‌ಗಳನ್ನು ನೋಡಿಕೊಳ್ಳುತ್ತಿದ್ದರು.

ನಾನು ಆಗ ಜಿಲ್ಲೆಯ ಚರ್ಚಾಸ್ಪರ್ಧೆಗಳ ಢಾಲುಗಳನ್ನೆಲ್ಲ ಗುಡಿಸಿ ತರುತ್ತಿದ್ದ ಕಾಲ. ವಾದಿಸದೆ ನೀರು ಕುಡಿದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈರಣ್ಣನವರ ಜೊತೆ ನನ್ನ ಮೊದಲ ಜಗಳ ನಳಿಗೆಯ ತುದಿಯಲ್ಲಿರುವ ಫೋರ್‌ಸೈಟಿನದು. ಗುಂಡು ಎಡಕ್ಕೆ ಬೀಳುತ್ತಿದ್ದರೆ ಆ ಮೊನೆಯನ್ನೂ ಎಡಕ್ಕೇ ಸರಿಸಬೇಕು ಎಂದರು ಅವರು. ತಪ್ಪನ್ನು ತಪ್ಪಿನ ಕಡೆಗೇ ತಳ್ಳಿದರೆ ಅದು ಸರಿಹೋಗುವುದು ಹೇಗೆ ಎಂದು ನಾನು ವಾರವಿಡೀ ವಾದಿಸಿದೆ. ಕೊನೆಗೆ ಅವರು ರೈಫಲನ್ನು ಮರಳು ಚೀಲದ ಮೇಲಿಟ್ಟು, ಮೊನೆಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿ, "ಈಗ ಗುರಿ ಇಡು" ಎಂದರು. ಇಟ್ಟೆ. ಮೊನೆ ಮತ್ತೆ ಗುರಿಗೆ ಕೂರಬೇಕಾದರೆ ನಳಿಗೆ ತಾನಾಗಿಯೇ ಬಲಕ್ಕೆ ತಿರುಗಿತು.

"ತಪ್ಪಿಸ್ಕಂಡ ಕುರಿ ಹಿಂದೆ ನಾವೇ ಹೋಗ್ಬೇಕು ಲಾಯರಪ್ಪ. ಇಲ್ಲೇ ನಿಂತು ಕೂಗಿದ್ರೆ ಬರ್ತೈತೇನು?" ಎಂದು ನಕ್ಕರು. ನಾನು ಲಾಯರ್ ಆಗುವ ಮೊದಲೇ ಆ ಹೆಸರು ಇಟ್ಟವರು ಅವರು.

ಎರಡನೆಯ ಜಗಳ ಡಬ್ಬಿಗಳದು. ಅವರ ಬಳಿ ಎರಡು ಡಬ್ಬಿ ಗುಂಡುಗಳಿದ್ದವು. ಒಂದು ಹೊಸದು, ಒಂದು ಬಹಳ ಹಳೆಯದು. ಪ್ರತಿ ಗುಂಡಿನ ತಳದಲ್ಲೂ ಅದು ತಯಾರಾದ ವರ್ಷ ಒತ್ತಿರುತ್ತದೆ. ಈರಣ್ಣ ಒಂದೊಂದನ್ನೂ ತಿರುಗಿಸಿ ನೋಡಿ ಬೇರೆ ಮಾಡುತ್ತಿದ್ದರು.

"ಕುರಿಗೆ ಕಿವಿಯಾಗೆ ಗುರುತು, ಗುಂಡಿಗೆ ತಳದಾಗೆ. ಎರಡು ಹಿಂಡು ಬೆರಸ್ಬ್ಯಾಡ. ಹಳೇ ಮದ್ದು ಸುಸ್ತಾಗಿರ್ತೈತೆ, ಬ್ಯಾರೆ ಕಡೀಕ್ ಬೀಳ್ತೈತೆ."

"ಅದೇ ತೂಕ, ಅದೇ ಅಳತೆ. ಗುಂಡಿಗೇನು ವಯಸ್ಸು ಗೊತ್ತಾಗ್ತೈತಾ ಹವಾಲ್ದಾರ್ರೆ? ನಿಮ್ದು ಮೂಢನಂಬಿಕೆ."

"ಆಗ್ಲಿ ಬಿಡಪ್ಪ. ನನ್ ಮೂಢನಂಬಿಕೆ ನಂಗಿರ್ಲಿ, ನೀನು ಮಾತ್ರ ಬೆರಸ್ಬ್ಯಾಡ."

ಇಲ್ಲಿ ಒಂದು ವಿಷಯ ನಿಮಗೆ ಹೇಳಲೇಬೇಕು. ನಮ್ಮ ಎನ್.ಸಿ.ಸಿ. ಅಧಿಕಾರಿಯಾಗಿದ್ದ ಮೇಷ್ಟರು ಆಗಲೇ ಎಲ್ಲರೆದುರು ಹೇಳಿಬಿಟ್ಟಿದ್ದರು: ಶೂಟಿಂಗ್ ತಂಡದ ಆಯ್ಕೆಯಲ್ಲಿ ಈ ಸಲವೂ ಗುರಿ ಚದುರಿದರೆ ಈರಣ್ಣನನ್ನು ರೈಫಲ್‌ನಿಂದ ಬಿಡಿಸಿ ಬಟ್ಟೆ-ಬೂಟಿನ ಉಗ್ರಾಣಕ್ಕೆ ಹಾಕುವುದು ಎಂದು. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಆಯ್ಕೆಯ ಬೆಳಿಗ್ಗೆ ಐದೈದು ಗುಂಡುಗಳ ಕ್ಲಿಪ್ಪು ತುಂಬುವ ಕೆಲಸವನ್ನು ಅವರು ನಂಬಿ ನನಗೆ ಕೊಟ್ಟರು. ನಾನು ಪ್ರತಿ ಕ್ಲಿಪ್ಪಿಗೂ ಹೊಸ ಡಬ್ಬಿಯಿಂದ ಮೂರು, ಹಳೆಯದರಿಂದ ಎರಡು ಹಾಕಿದೆ. ಪ್ರಯೋಗ! ಏನೂ ವ್ಯತ್ಯಾಸವಾಗುವುದಿಲ್ಲ, ಸಂಜೆ ಚಹಾ ಕುಡಿಯುತ್ತ ಅವರನ್ನು ಛೇಡಿಸಬೇಕು ಎಂಬುದಷ್ಟೇ ನನ್ನ ಲೆಕ್ಕ.

ಮದಕರಿಪುರದ ಆಚೆ ಗುಡ್ಡಕ್ಕೆ ಎದುರಾದ ಬಯಲು. ನನ್ನ ಮೊದಲ ಮೂರು ಗುಂಡು ಒಂದು ಬಿಲ್ಲೆಯೊಳಗೆ ಹಿಡಿಸುವಂತೆ ಕೂತವು. ನಾಲ್ಕನೆಯದಕ್ಕೆ ಕುದುರೆ ಒತ್ತಿದಾಗ 'ಟಿಕ್' ಎಂದಿತು, ಒಂದು ಕ್ಷಣ ಯೋಚಿಸಿದ ಹಾಗೆ ತಡೆದು ಆಮೇಲೆ ಸಿಡಿಯಿತು. ಗುರಿ ಹಲಗೆಯ ಹತ್ತಿರ ಹೋಗಿ ನೋಡಿದರೆ ಮೂರು ತೂತು ಮೇಲೆ, ಎರಡು ನಾಲ್ಕು ಬೆರಳು ಕೆಳಗೆ. ಪಕ್ಕದವನದೂ ಹಾಗೇ. ಅದರ ಪಕ್ಕದವನದೂ ಹಾಗೇ. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಚರ್ಚೆಯಲ್ಲೂ ಸೋತಿರಲಿಲ್ಲ.

"ಏನ್ರೀ ಈರಣ್ಣ, ಫೋರ್‌ಸೈಟ್ ಕಾಣಿಸ್ತೈತೇನ್ರೀ ನಿಮ್ಗೆ?" ಮೇಷ್ಟರು ಎಲ್ಲರ ಮುಂದೆ ಕೇಳಿದರು.

"ಕಾಣಿಸ್ತೈತೆ ಸಾರ್."

"ಮತ್ತೆ ಇದೇನು?"

ಈರಣ್ಣ ಹಲಗೆ ನೋಡಿದರು. ಪರವಾಗಿ ಬೇಕೆಂದರೆ ಪರವಾಗಿ, ವಿರೋಧವಾಗಿ ಬೇಕೆಂದರೆ ವಿರೋಧವಾಗಿ ಗಂಟೆಗಟ್ಟಲೆ ಮಾತಾಡಬಲ್ಲ ನಾನು ಬೂಟಿನ ದಾರ ಬಿಗಿದುಕೊಳ್ಳುತ್ತ ಕೂತೆ. ಆಮೇಲೆ ಈರಣ್ಣ ಎಂದಿನಂತೆ ಮಂಡಿಯೂರಿ ಸಿಡಿದ ಗುಂಡುಗಳ ಖಾಲಿ ಕೊಳವೆಗಳನ್ನು ಹೆಕ್ಕಿ ಲೆಕ್ಕ ಮಾಡಿ ಚೀಲಕ್ಕೆ ಹಾಕಿದರು. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿದ್ದು ನನಗೆ ಕಾಣಿಸಿತು. ಲಾರಿ ಹತ್ತುವಾಗ "ಹೋಗಾಣ ನಡಿ ಲಾಯರಪ್ಪ, ಬಿಸ್ಲು ಏರ್ತೈತೆ" ಎಂದು ಕೈ ಕೊಟ್ಟು ನನ್ನನ್ನು ಮೇಲಕ್ಕೆಳೆದುಕೊಂಡರು.

ಮರುವಾರ ಅವರು ಉಗ್ರಾಣದಲ್ಲಿ ಬೂಟು ಜೋಡಿಸುತ್ತಿದ್ದರು. ಅವರ ಅಂಗಿಯ ಮೇಲೆ ಅಗಸೆ ಎಣ್ಣೆಯ ವಾಸನೆ ಇನ್ನೂ ಸ್ವಲ್ಪ ದಿನ ಇತ್ತು. ವರ್ಷ ಕಳೆಯುವುದರೊಳಗೆ ಊರಿಗೆ ಹೋಗಿಬಿಟ್ಟರು.

ಮೇಜಿನ ಎಣ್ಣೆ ಆರುವವರೆಗೂ ನನಗೆ ಅದರ ಮುಂದೆ ಕೂರಲು ಆಗಲಿಲ್ಲ. ಭಾನುವಾರ ಯಲ್ಲದಕೆರೆಗೆ ಬಸ್ಸು ಹತ್ತಿದೆ. ಊರಾಚೆ ಹೊಲದಲ್ಲಿ ಕುರಿ ಮಂದೆಯ ನಡುವೆ ತಲೆಗೆ ಟವೆಲು ಸುತ್ತಿದ ಒಬ್ಬರು ನಿಂತಿದ್ದರು. ಅದು ಅವರೇ ಎಂದು ನನಗಿನ್ನೂ ಖಾತ್ರಿಯಾಗಿರಲಿಲ್ಲ. ಅಷ್ಟು ದೂರದಿಂದಲೇ ಕೂಗು ಬಂತು.

"ಯಾರದು, ಲಾಯರಪ್ಪನಾ? ಬಾ ಬಾ, ಆ ಮುಳ್ಳು ನೋಡ್ಕಂಡು ಕಾಲಿಡು!"

ಆ ಕಣ್ಣಿನ ಬಗ್ಗೆ ಇನ್ನು ನಾನು ಯಾವ ವಾದವನ್ನೂ ಹೂಡಬೇಕಾಗಿಲ್ಲ. ಬದುವಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಕೋರ್ಟು ಹೇಗೈತೆ, ಅಮ್ಮ ಹೇಗವ್ರೆ ಎಂದೆಲ್ಲ ವಿಚಾರಿಸಿದರು. ಬಸ್ಸಿನಲ್ಲಿ ನಾನು ಸಿದ್ಧಮಾಡಿಕೊಂಡಿದ್ದ ಪೀಠಿಕೆ ಮರೆತೇ ಹೋಯಿತು. ಒಂದು ಮರಿ ಅವರ ಮಡಿಲಿಗೆ ಬಂತು. ಅದರ ಕಿವಿ ತಿರುಗಿಸಿ ಗುರುತು ನೋಡಿದರು, ಅಂದು ಕೊಳವೆಗಳನ್ನು ತಿರುಗಿಸಿದ ಅದೇ ಬೆರಳುಗಳಿಂದ. ಆಗ ಕೇಳಿಬಿಟ್ಟೆ:

"ಹವಾಲ್ದಾರ್ರೆ, ಅವತ್ತು ಖಾಲಿ ಕೊಳವೆ ಆರಿಸುವಾಗ ನೀವು ತಳ ನೋಡಿದ್ರಿ. ಬೆರೆಸಿದ್ದು ನಾನೇ ಅಂತ ನಿಮ್ಗೆ ಗೊತ್ತಾಯ್ತು. ಯಾಕೆ ನನ್ನ ಹೆಸರು ಹೇಳ್ಲಿಲ್ಲ?"

"ಒಂದ್ ಮರಿ ದಾರಿ ತಪ್ತು ಅಂತ ಹಿಂಡಿನ ಎದುರಿಗೆ ಅದನ್ನ ಹೊಡೀತಾರೇನು ಲಾಯರಪ್ಪ?" ಎಂದು ನಕ್ಕು ಮರಿಯನ್ನು ಮಂದೆಗೆ ಬಿಟ್ಟರು.